ಮಸಗುಪ್ಪಿ ಮನೆಯ 3.13 ಮೀಟರ್

ಸೋಮವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ನಾನು ಬಿಡಿಸಿದ ನಕ್ಷೆಯ ಮೂಲೆಯಲ್ಲಿ ಈ ಸಮಯ ಅಚ್ಚಾಗಿದೆ. ಅನಾಹುತ ನಡೆದದ್ದು ಗುರುವಾರವಾದರೂ ಅದು ಶುರುವಾದದ್ದು ಆಗಲೇ. 2022ರಲ್ಲಿ ನಾನು ಗೋಕಾಕದ ಒಂದು ಸಣ್ಣ ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ಬಿಡಿಸುತ್ತಿದ್ದೆ. ಸಿವಿಲ್ ಪದವಿ ಮುಗಿಸಿ ಆರು ವರ್ಷವಾಗಿತ್ತು.

ಮೂಡಲಗಿ ಕಡೆಯ ಮಸಗುಪ್ಪಿಯಲ್ಲಿ ಪದ್ಮಣ್ಣ ಕಾಕಾ ಎಂಬ ರೈತರು ತಮ್ಮ ಮನೆಯ ಮೇಲೆ ಇನ್ನೊಂದು ಅಂತಸ್ತು ಕಟ್ಟಿಸುತ್ತಿದ್ದರು. ಪಕ್ಕದಲ್ಲೇ ಹನ್ನೊಂದು ಕೆವಿ ವಿದ್ಯುತ್ ತಂತಿ. ತಾರಸಿಯ ಮೂಲೆಯಿಂದ ಅದು ಅಡ್ಡಕ್ಕೆ ಕನಿಷ್ಠ 1.2 ಮೀಟರ್ ದೂರವಿರಬೇಕು. ಸಾಫ್ಟ್‌ವೇರಿನಲ್ಲಿ ಡಿಸ್ಟ್ ಎಂಬ ಆಜ್ಞೆ ಕೊಟ್ಟು ಎರಡು ಬಿಂದುಗಳನ್ನು ಒತ್ತಿದರೆ ನಡುವಿನ ದೂರ ಬರುತ್ತದೆ. 3.13 ಎಂದು ಬಂತು. ಹಾಗೇ ಬರೆದೆ.

ನಮ್ಮ ನಕ್ಷೆಗಳೆಲ್ಲ ಟೇಪು ಹಿಡಿದು ಅಳೆದವು. ಅವುಗಳಲ್ಲಿ ಎತ್ತರದ ಲೆಕ್ಕವೇ ಇರುತ್ತಿರಲಿಲ್ಲ. ಈ ಸಲ ಮಾತ್ರ ಟೋಟಲ್ ಸ್ಟೇಷನ್ ಯಂತ್ರದ ಸರ್ವೆ ಬಂದಿತ್ತು. ಅದರಲ್ಲಿ ಪ್ರತಿ ಬಿಂದುವಿಗೂ ಅದರ ಎತ್ತರ ಅಂಟಿಕೊಂಡಿರುತ್ತದೆ. ಆಗ ಮೊದಲು ಬರುವ ಸಂಖ್ಯೆ ಓರೆಯ ದೂರ; ಅಡ್ಡಕ್ಕೆ ಎಷ್ಟು, ಮೇಲಕ್ಕೆ ಎಷ್ಟು ಎಂಬುದು ಉತ್ತರದ ಕೆಳಗಿನ ಸಾಲುಗಳಲ್ಲಿರುತ್ತದೆ. ಆರು ವರ್ಷ ಮೊದಲ ಸಂಖ್ಯೆಯೊಂದನ್ನೇ ಓದಿದವಳು ನಾನು.

ಗುರುವಾರ ಹೊಸ ಅಂತಸ್ತಿನ ಕಂಬಗಳ ಜಾಗ ಗುರುತಿಸಲು ಹೋಗಿದ್ದೆ. ಕಂಬಗಳಿಗೆ ಕಬ್ಬಿಣದ ಸರಳು ಕಟ್ಟುವ ಯಲ್ಲಪ್ಪ ಹುಕ್ಕೇರಿ ತಾಲೂಕಿನ ಹತ್ತರಗಿಯವರು. ತಂತಿಯನ್ನೇ ನೋಡುತ್ತ ನಿಂತಿದ್ದರು.

"ಅಕ್ಕಾರ, ಲೈನ್ ಬಂದ್ ಮಾಡಸೂಣೇನ್ರಿ? ಬಾಳ ಹತ್ರ ಕಾಣಸ್ತೈತಿ."

ಕಾಕಾ ನಕ್ಕರು. "ಏ ಯಲ್ಲ್ಯಾ, ಬೀಡಿ ಸೇದಾಕ ಬಿಡುವು ಬೇಕಂದ್ರ ಹಂಗ ಹೇಳಲಾ. ಅಕ್ಕಾರು ಕಾಲೇಜ ಕಲ್ತು ಬಂದಾರ."

"ಮೂರು ಮೀಟರ್‌ಕಿಂತ ದೂರ ಐತ್ರಿ," ಎಂದೆ ನಾನು. "ಕಂಪ್ಯೂಟರ್‌ನ್ಯಾಗ ಅಳದೇನಿ."

ಯಲ್ಲಪ್ಪ ಹನ್ನೆರಡು ಅಡಿಯ ಸರಳನ್ನು ಮೂಲೆಯಲ್ಲಿ ಎತ್ತಿ ನಿಲ್ಲಿಸುವಾಗ ಅದು ಹೊರಕ್ಕೆ ವಾಲಿತು. ತುದಿ ತಂತಿ ಮುಟ್ಟುವ ಮುಂಚೆಯೇ ನೀಲಿ ಕಿಡಿ ಹಾರಿತು. ಅವರು ಹಿಂದಕ್ಕೆ ಎಗರಿ ಬಿದ್ದರು. ಈಗಲೂ ಇಸ್ತ್ರಿ ಮಾಡುವಾಗ ಬಟ್ಟೆ ತುಸು ಕಂದಿದ ವಾಸನೆ ಬಂದರೆ ಸಾಕು, ನಾನು ಆ ತಾರಸಿಯ ಮೇಲಿರುತ್ತೇನೆ.

ಜೀವ ಉಳಿಯಿತು. ಬಲಗೈಯ ಎರಡು ಬೆರಳು ಮಡಚುವುದು ಅನುಮಾನ ಎಂದರು ಗೋಕಾಕದ ವೈದ್ಯರು. ದಿನವಿಡೀ ಸಣ್ಣ ಕಟ್ಟುತಂತಿ ತಿರುಚಿ ಸರಳಿಗೆ ಗಂಟು ಹಾಕುವವರಿಗೆ ಆ ಬೆರಳುಗಳೇ ಅನ್ನ.

ಸಂಜೆ ಕಡತ ತೆರೆದೆ. ಮೇಲಕ್ಕೆ ಮೂರು ಮೀಟರ್. ಅಡ್ಡಕ್ಕೆ ಬರೀ 0.9. ಮರುದಿನ ಅವರ ಮಂಚದ ಹತ್ತಿರ ನಿಂತು, "ತಪ್ಪು ನಂದರಿ ಯಲ್ಲಪ್ಪಣ್ಣ," ಎಂದೆ.

"ಕಣ್ಣೀಲೆ ನೋಡಿದ್ನಲ್ರಿ ಅಕ್ಕಾರ, ಹತ್ರನ ಇತ್ತು," ಎಂದರು ಅವರು. "ಆದ್ರ ಕಾಗದದಾಗ ದೂರ ಅಂತ ಬರದಿತ್ತು."

ಬೈದಿದ್ದರೆ ಸಹಿಸಬಹುದಿತ್ತು. ಅಂದಿನಿಂದ ನಿದ್ದೆ ಹಾರಿಹೋಯಿತು. ಕಣ್ಣು ಮುಚ್ಚಿದರೆ ಸರಳು ವಾಲುತ್ತಿತ್ತು.

ಎರಡು ತಿಂಗಳ ಮೇಲೆ ಯಲ್ಲಪ್ಪ ಕೈಗೆ ಪಟ್ಟಿ ಸುತ್ತಿಕೊಂಡೇ ಕಚೇರಿಗೆ ಬಂದರು. "ಎಲ್ಲಿ ತಪ್ಪತು, ತೋರಸ್ರಿ." ನಾನು ನಕ್ಷೆಯನ್ನು ಪಕ್ಕದಿಂದ ಕಾಣುವಂತೆ ತಿರುಗಿಸಿದೆ. ಅಳತೆಯ ಗೆರೆ ತಾರಸಿಯ ಮೂಲೆಯಿಂದ ತಂತಿಗೆ ಓರೆಯಾಗಿ ಏರಿತ್ತು.

"ಅಯ್ಯ, ಇದು ನನ್ನ ಸರಳು ಹೋದ ದಾರೀನ ಐತಲ್ರಿ!"

ನಿಜ. ಎಷ್ಟು ಉದ್ದದ ಸರಳು ಆ ತಂತಿಯನ್ನು ಮುಟ್ಟುತ್ತದೆ ಎಂಬುದನ್ನೇ ಸಾಫ್ಟ್‌ವೇರ್ ಹೇಳಿತ್ತು. ಅವರ ಹನ್ನೆರಡು ಅಡಿಯ ಸರಳಿನ ಉದ್ದ 3.66 ಮೀಟರ್.

ಈಗ ನಾನು ಕೆಳಗಿನ ಸಾಲುಗಳನ್ನು ಮೊದಲು ಓದುತ್ತೇನೆ. ಕೆಲಸಗಾರರೊಬ್ಬರು ಹತ್ತಿರ ಕಾಣಿಸುತ್ತದೆ ಎಂದರೆ ಸಂಖ್ಯೆ ಒಪ್ಪಿಸುವುದಿಲ್ಲ, ಟೇಪು ಹಿಡಿದು ಅವರ ಜೊತೆ ಹೋಗುತ್ತೇನೆ.

ಯಲ್ಲಪ್ಪ ಕಚೇರಿಗೆ ಬಂದುಹೋದ ಒಂದು ತಿಂಗಳಿಗೆ ಮಸಗುಪ್ಪಿಯಲ್ಲಿ ಕೆಲಸ ಮತ್ತೆ ಶುರುವಾಯಿತು. ಲೈನ್ ಬಂದ್ ಮಾಡಿಸಿ, ಲೈನ್‌ಮನ್ ಕೈಲಿ ತಂತಿಯಿಂದ ನೆಲಕ್ಕೆ ದಾರ ಕಟ್ಟಿದ ತೂಗುಗುಂಡು ಇಳಿಬಿಡಿಸಿದೆವು. ಟೇಪಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಯಲ್ಲಪ್ಪನವರ ಕೈಯಲ್ಲಿ.

"ತೊಂಬತ್ತು ಸೆಂಟಿಮೀಟರ್, ಅಕ್ಕಾರ."

ಮೂಲೆಯ ಕಂಬಕ್ಕೆ ನಾಲ್ಕು ಅಡಿ ಒಳಗೆ ಗುರುತು ಹಾಕಿದೆ. ಕಾಕಾ ಈ ಸಲ ನಗಲಿಲ್ಲ, ತಾವೇ ಸರಳು ಹಿಡಿದು ನಿಂತರು. ಯಲ್ಲಪ್ಪ ಅದಕ್ಕೆ ಕಟ್ಟುತಂತಿ ಸುತ್ತಿ ತಿರುಚಿದರು. ಎರಡು ಬೆರಳು ತಡೆದವು, ಆಮೇಲೆ ನಿಧಾನವಾಗಿ ಮಡಚಿದವು. ಗಂಟು ಬಿಗಿಯಾಯಿತು.

ಆ ರಾತ್ರಿ ಮಲಗಿದವಳಿಗೆ ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲು ಬಂದಿತ್ತು.