ಬಚ್ಚಲ ಒಲೆಯ ಹೊಗೆ

ನಾನು ಚಿಕ್ಕವಳಿದ್ದಾಗ ನಮ್ಮ ಕಡೆಗೆ ಬಸ್ಸಿಗಿಂತ ಮೊದಲು ವಿಮಾನ ಬಂತು ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನಿಮ್ಮಪ್ಪನೂ ನಿಮ್ಮ ವಯಸ್ಸಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಉಳಿದ ಕಥೆಯನ್ನು ನಾನು ಅವನಿಗೂ ಹೇಳಲಿಲ್ಲ. ಮೊನ್ನೆ ಕಾರಿನಲ್ಲಿ ಅಜ್ಜಿ ಯಾಕೆ ಹಾಗೆ ಕೂಗಿಕೊಂಡಳು ಎಂದು ನೀವಿಬ್ಬರೂ ಕೇಳಿದಿರಲ್ಲ, ಅದಕ್ಕೆ ಉತ್ತರ ಆ ವಿಮಾನದಲ್ಲಿದೆ. ಅದು ನಗುವ ಕಥೆಯಲ್ಲ.

ಪಾಳ್ಯ ದಾಟಿ ಸಕಲೇಶಪುರದ ಕಡೆಗೆ ಗುಡ್ಡ ಏರುವಲ್ಲಿ ಒಂದು ಕಾಫಿ ಎಸ್ಟೇಟ್ ಇತ್ತು. ಅಪ್ಪ ಅಲ್ಲಿ ಮೇಸ್ತ್ರಿ. ಆಳುಗಳಿಗೆಂದು ಸಾಲಾಗಿ ಕಟ್ಟಿದ ಒಂದೇ ಕೋಣೆಯ ಮನೆಗಳಿಗೆ ಲೈನ್ ಎನ್ನುತ್ತಿದ್ದರು. ಅದರ ಕೊನೆಯ ಮನೆ ನಮ್ಮದು. ಹಿಂದೆ ಒಂದು ಬಚ್ಚಲು, ಬಚ್ಚಲ ಪಕ್ಕ ಒಂದು ಹಲಸಿನ ಮರ. ನಾನು ಹಾಲು ಕುಡಿಯುವಾಗಲೇ ಅವ್ವ ತೀರಿಕೊಂಡಿದ್ದಳು. ನನ್ನ ತಲೆ ಬಾಚಿದ್ದು, ಬೆನ್ನು ಉಜ್ಜಿದ್ದು, ತಪ್ಪು ಮಾಡಿದಾಗ ಬೆನ್ನಿಗೆ ಗುದ್ದಿದ್ದು ಎಲ್ಲಾ ಅಕ್ಕನೇ. ಅವಳಿಗೆ ಹದಿನೇಳು, ನನಗೆ ಒಂಬತ್ತು.

ಎಸ್ಟೇಟಿನ ಯಜಮಾನರಿಗೆ ವಿಮಾನದ ಹುಚ್ಚು. ನಾಲ್ಕು ಜನ ಕೂರಬಹುದಾದ ಒಂದು ಸಣ್ಣ ಬಿಳಿ ವಿಮಾನವನ್ನು ಕೊಂಡು ತಂದಿದ್ದರು. ಅದನ್ನು ಓಡಿಸುತ್ತಿದ್ದವರೂ ಅವರೇ. ಗುಡ್ಡದ ಮೇಲೆ ದನ ಮೇಯುವ ಕಾವಲು ಇತ್ತು. ಅಲ್ಲಿ ಕಲ್ಲು ಆರಿಸಿ, ಹುತ್ತ ಅಗೆಸಿ, ನೆಲ ಮಟ್ಟ ಮಾಡಿಸಿದ್ದರು. ವಿಮಾನ ಬರುವ ದಿನ ದನಗಳನ್ನು ಆಚೆ ಅಟ್ಟಿ, ಕಾವಲಿನ ಅಂಚಿನಲ್ಲಿ ತೋಟದ ನೆರಳಿಗೆ ನೆಟ್ಟ ಸಿಲ್ವರ್ ಮರದ ತರಗೆಲೆ ಗುಡ್ಡೆ ಮಾಡಿ, ಪಕ್ಕದಲ್ಲಿ ಹಸಿ ಸೊಪ್ಪು ಇಟ್ಟುಕೊಂಡು, ಮಡಕೆಯಲ್ಲಿ ಕೆಂಡ ಹಿಡಿದು ಕೂರುವುದು ಅಪ್ಪನ ಕೆಲಸ. ಕಾವಲು ತಿಳಿಯಾಗಿದ್ದರೆ ಅಪ್ಪ ಹೊಗೆ ಹಾಕಬೇಕು, ಹೊಗೆ ಕಂಡರೆ ಯಜಮಾನರು ಇಳಿಯಬೇಕು. ಮಂಜು ಕವಿದಿದ್ದರೆ ಹೊಗೆ ಹಾಕಬಾರದು. ಆಗ ಅವರು ಹಾಸನದ ಬಯಲಿನ ಕಡೆ ತಿರುಗಿ, ಅಲ್ಲೆಲ್ಲೋ ಇಳಿದು, ಕಾರಿನಲ್ಲಿ ಬರುತ್ತಿದ್ದರು. ಮೇಲಿದ್ದವರಿಗೆ ಗೊಂದಲವಾಗಬಾರದೆಂದು ವಿಮಾನದ ದಿನ ಲೈನಿನಲ್ಲಿ ಯಾರೂ ಒಲೆ ಹಚ್ಚುವಂತಿರಲಿಲ್ಲ. ಕೋಳಿ ಕೂಗುವ ಹೊತ್ತಿಗೇ ಮುದ್ದೆ ಬೇಯಿಸಿ ಬೆಂಕಿ ಆರಿಸಬೇಕು ಎಂದು ಹಿಂದಿನ ದಿನವೇ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮನೆಮನೆಗೆ ಬಂದು ಹೇಳಿಹೋಗುತ್ತಿದ್ದರು. ಅಪ್ಪನ ಹೊಗೆ ಒಂದು ಸಲವೂ ತಪ್ಪಿರಲಿಲ್ಲ. ಅದರ ಬಗ್ಗೆ ಅಪ್ಪನಿಗೆ ಜಂಬವಿತ್ತು, ನನಗಂತೂ ಅದಕ್ಕಿಂತ ಹೆಚ್ಚು.

ಆ ವರ್ಷ ಕಾಫಿ ಕುಯ್ಲು ಮುಗಿದ ಮೇಲೆ ಯಜಮಾನರು, ಅಮ್ಮಾವ್ರು ಇಬ್ಬರೂ ಎರಡು ತಿಂಗಳ ಪ್ರವಾಸಕ್ಕೆ ಹೊರಟರು. ಅವರ ಗೆಳೆಯ ದಂಪತಿ ತಮ್ಮದೇ ಇನ್ನೊಂದು ವಿಮಾನದಲ್ಲಿ ಜೊತೆಗೆ ಹೊರಟರು. ಸಮುದ್ರ, ಮರಳುಗಾಡು, ಹಿಮದ ಬೆಟ್ಟ ಎಲ್ಲ ನೋಡಿಕೊಂಡು ಬರುವುದೆಂದು ಮಾತು. ಅಮ್ಮಾವ್ರಿಗೆ ಎರಡು ವರ್ಷದ ಮಗುವಿತ್ತು. ಅದು ಅಕ್ಕನ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ಹಾಗಾಗಿ ಅಕ್ಕನನ್ನೂ ಕರೆದುಕೊಂಡು ಹೋದರು. ಲೈನಿನ ಹುಡುಗಿಯೊಬ್ಬಳು ಆಕಾಶಕ್ಕೆ ಹೋಗುವುದನ್ನು ನೋಡಲು ಕುಂದೂರಿನಿಂದಲೂ ಜನ ನಡೆದು ಬಂದಿದ್ದರು. ಅಕ್ಕ ಹೊಸ ಸೀರೆ ಉಟ್ಟು, ಮಗುವನ್ನು ಎದೆಗೆ ಒತ್ತಿಕೊಂಡು, ಹೆದರಿ ಬಿಳುಚಿಕೊಂಡಿದ್ದಳು. ನಾನು ಅಳಲಿಲ್ಲ. ಹೊಟ್ಟೆಕಿಚ್ಚಿನಿಂದ ಅವಳ ಮುಖವನ್ನೂ ನೋಡಲಿಲ್ಲ.

ಅಕ್ಕ ಮೂರು ಕಾರ್ಡು ಬರೆದಳು. ಕಣದಲ್ಲಿ ಕಾಫಿ ಒಣಗಿಸುವವರನ್ನೆಲ್ಲ ಸೇರಿಸಿಕೊಂಡು ರೈಟರ್ ಅವನ್ನು ಗಟ್ಟಿಯಾಗಿ ಓದಿದರು. ಮೇಲಿನಿಂದ ನೋಡಿದರೆ ಊರುಗಳು ರಾಗಿಕಾಳು ಚೆಲ್ಲಿದ ಹಾಗೆ ಕಾಣುತ್ತವೆ ಎಂದು ಒಂದರಲ್ಲಿತ್ತು. ಸಮುದ್ರದ ಪಕ್ಕ ಇಳಿದೆವು, ಎಲ್ಲರೂ ರೆಕ್ಕೆಯ ನೆರಳಿನಲ್ಲಿ ಕೂತು ಊಟ ಮಾಡಿದೆವು, ಅಮ್ಮಾವ್ರು ಚಿಕ್ಕ ಹುಡುಗಿಯ ಹಾಗೆ ನೀರಿನಲ್ಲಿ ಓಡಿದರು ಎಂದು ಇನ್ನೊಂದರಲ್ಲಿ. ಮೂರನೆಯದರ ಕೊನೆಯಲ್ಲಿ ನನಗೆಂದೇ ಎರಡು ಸಾಲು ಇತ್ತು. ‘ಎಲ್ಲಿ ಹೋದರೂ ತಣ್ಣೀರು, ಇಲ್ಲವೆಂದರೆ ಉಪ್ಪುನೀರು. ನಾನು ಬರುವ ದಿನ ಹಂಡೆ ತುಂಬ ನೀರು ಕಾಯಿಸಿಡು, ಮರೆಯಬೇಡ.’ ಆ ಕಾರ್ಡನ್ನು ನಾನು ದಿಂಬಿನ ಕೆಳಗೆ ಇಟ್ಟುಕೊಂಡೆ.

ಅವರು ಬರುವ ಹಿಂದಿನ ದಿನ ಹೂಮಳೆ ಬಿದ್ದಿತ್ತು. ಅದಕ್ಕೂ ಹಿಂದೆ ಬಿದ್ದಿದ್ದ ಒಂದು ಮಳೆಗೆ ಕೆಳಗಿನ ತೋಟದಲ್ಲಿ ಕಾಫಿ ಹೂ ಅರಳಿ, ಉಸಿರೆಳೆದರೆ ತಲೆ ಭಾರವಾಗುವಷ್ಟು ಪರಿಮಳವಿತ್ತು. ಬೆಳಿಗ್ಗೆ ಜನರೆಲ್ಲ ಕಾವಲಿನಲ್ಲಿ ಸೇರಿದರು. ಆದರೆ ಎಡಕುಮೇರಿಯ ಕಡೆಯ ಕಣಿವೆಯಿಂದ ಮಂಜು ಏರಿ ಬಂದು ಕಾವಲನ್ನು ಮುಚ್ಚಿತು. ಪಕ್ಕದಲ್ಲಿದ್ದವರ ಮುಖವೂ ಕಾಣದು. ಅಪ್ಪ ಕೆಂಡದ ಮಡಕೆಯ ಮುಂದೆ ಕೂತು ಮೇಲೆ ಕೆಳಗೆ ನೋಡುತ್ತಿದ್ದ.

ಸುಮಾರು ಹೊತ್ತಾದ ಮೇಲೆ ತಲೆಯ ಮೇಲೆ ವಿಮಾನದ ಸದ್ದು ಬಂತು. ಕಣ್ಣಿಗೆ ಏನೂ ಕಾಣಿಸಲಿಲ್ಲ. ಅದು ಎರಡು ಸುತ್ತು ಹಾಕಿತು. ಅಪ್ಪ ಹೊಗೆ ಹಾಕಲಿಲ್ಲ. ಸದ್ದು ನಿಧಾನವಾಗಿ ಹಾಸನದ ಕಡೆಗೆ ಸರಿದುಹೋಯಿತು.

“ಬಂದು ವಾಪಸ್ ಹೋಗ್ಬುಟ್ರಲ್ಲಪ್ಪ” ಎಂದು ಜನ ಗೊಣಗಿದರು. “ಇನ್ನು ಕಾರ್ನಲ್ಲೇ ಬರೋದು. ನಡೀರಿ, ಕೆಲ್ಸ ನೋಡ್ರಿ” ಎಂದು ರೈಟರ್ ಅವರನ್ನೆಲ್ಲ ದೂರದ ತೋಟಕ್ಕೆ ಕಳಿಸಿದರು. ಅಪ್ಪ ಮಾತ್ರ ಏಳಲಿಲ್ಲ. “ಎರಡು ಬರ್ಬೇಕಿತ್ತು. ನಂಗೆ ಒಂದೇ ಸದ್ದು ಕೇಳ್ತು. ನೀನು ಮನೆಗೆ ಹೋಗು ಮಗ, ಚಳಿ ಐತೆ” ಎಂದ.

ಅಪ್ಪನ ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಬಂದುಹೋದದ್ದು ಅಕ್ಕನ ವಿಮಾನವೇ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ನಿಜವಾಗಿ ಗೆಳೆಯರದ್ದು ಮುಂದೆ ಬಂದು ತಿರುಗಿಹೋಗಿತ್ತು, ಅಕ್ಕನದು ಹಿಂದೆ ಬರುತ್ತಿತ್ತು. ಅಕ್ಕ ಇನ್ನು ಕಾರಿನಲ್ಲಿ ಬರುತ್ತಾಳೆ, ಚಳಿಯಲ್ಲಿ ಬರುತ್ತಾಳೆ, ಬಂದ ಕೂಡಲೇ ಅವಳ ಮುಂದೆ ಬಿಸಿನೀರು ಇರಬೇಕು. ನನ್ನ ತಲೆಯಲ್ಲಿದ್ದದ್ದು ಇಷ್ಟೇ. ವಿಮಾನ ಇಳಿಯುವ ತನಕ ಒಲೆ ಹಚ್ಚಬಾರದು ಎಂಬುದು ಮರೆತಿರಲಿಲ್ಲ. ವಿಮಾನವೇ ಹೋಯಿತಲ್ಲ, ಇನ್ನೇನು ಎಂದುಕೊಂಡೆ.

ಲೈನಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಬಾವಿಯಿಂದ ಹನ್ನೊಂದು ಕೊಡ ನೀರು ಹೊತ್ತು ಹಂಡೆ ತುಂಬಿಸಿದೆ. ಸೌದೆಯೆಲ್ಲ ಮಳೆಗೆ ನೆನೆದಿತ್ತು. ತರಗೆಲೆ, ಕಾಫಿ ಗಿಡದ ಹಸಿ ಕಡ್ಡಿ, ಏನು ಸಿಕ್ಕಿತೋ ಎಲ್ಲ ತುರುಕಿ ಊದುಕೊಳವೆಯಲ್ಲಿ ಊದಿದೆ. ಬೆಂಕಿಗಿಂತ ಹೊಗೆಯೇ ಹೆಚ್ಚು. ದಪ್ಪನೆಯ ಬಿಳಿ ಹೊಗೆ ಬಚ್ಚಲ ಸೂರಿನ ಸಂದಿಯಿಂದ ಎದ್ದು, ಹಲಸಿನ ಮರದ ಪಕ್ಕದಲ್ಲಿ ನೆಟ್ಟಗೆ ಮೇಲೆ ಹೋಯಿತು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನನಗೆ ಖುಷಿಯೋ ಖುಷಿ. ಹಂಡೆಯ ನೀರಿನಲ್ಲಿ ಕೈ ಅದ್ದಿ ಅದ್ದಿ ನೋಡುತ್ತಿದ್ದೆ.

ನೀರು ಸುಡತೊಡಗಿದಾಗ ಎರಡನೆಯ ಸದ್ದು ಬಂತು.

ನಾನು ಹೊರಗೆ ಓಡಿದೆ. ಸದ್ದು ಹತ್ತಿರವಾಗುತ್ತ, ತಗ್ಗುತ್ತ, ನೇರವಾಗಿ ನಮ್ಮ ಹೊಗೆಯ ಕಡೆಗೇ ಬಂತು. ನಮ್ಮ ಮನೆಯಿಂದ ಕಾವಲಿಗೆ ಏರುವ ಇಳಿಜಾರಿನಲ್ಲಿ ಸಿಲ್ವರ್ ಮರಗಳು ಸಾಲಾಗಿದ್ದವು. ಮಂಜಿನೊಳಗೆ ಆ ಮರಗಳು ಒಂದರ ಹಿಂದೆ ಒಂದು ಮುರಿದದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಹಕ್ಕಿಗಳೂ ಕೂಗಲಿಲ್ಲ. ಕಾಫಿ ಹೂವಿನ ಪರಿಮಳದ ಜೊತೆಗೆ ಪೆಟ್ರೋಲಿನ ವಾಸನೆ ತೇಲಿ ಬಂತು. ಇವತ್ತಿಗೂ ಕಾಫಿ ಹೂ ಬಿಡುವ ಕಾಲಕ್ಕೆ ನಾನು ಕಿಟಕಿ ಮುಚ್ಚಿಕೊಳ್ಳುವುದು ಯಾಕೆಂದು ಈಗ ನಿಮಗೆ ತಿಳಿಯಿತು.

ಅಪ್ಪ ಗುಡ್ಡದಿಂದ ಬಿದ್ದು ಎದ್ದು ಓಡಿ ಬಂದ. ನಮ್ಮ ಬಚ್ಚಲ ಹತ್ತಿರ ಬಂದವನು ಹೊಗೆ ನೋಡಿ ನಿಂತುಬಿಟ್ಟ. ಒಲೆಯನ್ನು ನೋಡಿದ, ನನ್ನ ಕೈಯಲ್ಲಿದ್ದ ಊದುಕೊಳವೆಯನ್ನು ನೋಡಿದ. ಅಪ್ಪ ಹೊಡೆದಿದ್ದರೆ ಚೆನ್ನಾಗಿತ್ತು. “ಆರ್ಸು” ಎಂದಷ್ಟೇ ಹೇಳಿ ಮರಗಳ ಕಡೆಗೆ ಓಡಿದ.

ಯಜಮಾನರು ಅಲ್ಲೇ ತೀರಿಕೊಂಡಿದ್ದರು. ಅಮ್ಮಾವ್ರ ಕೈ ಮುರಿದಿತ್ತು. ಮಗುವಿನ ಮೈಮೇಲೆ ಒಂದು ಗೀರೂ ಇರಲಿಲ್ಲ, ಅಕ್ಕ ಅದನ್ನು ಮಡಿಲಲ್ಲಿ ಮುಚ್ಚಿಕೊಂಡು ಬಗ್ಗಿದ್ದಳಂತೆ. ಅಕ್ಕನ ಸೊಂಟದ ಮೂಳೆ, ಎಡಗಾಲು ನುಚ್ಚಾಗಿದ್ದವು. ಸದ್ದು ಕೇಳಿ ತೋಟದಿಂದ ಓಡಿಬಂದ ಆಳುಗಳು ಬಾಗಿಲಿನ ಹಲಗೆಯ ಮೇಲೆ ಅವಳನ್ನು ಮಲಗಿಸಿಕೊಂಡು ತಂದು ನಮ್ಮ ಮನೆಯ ಮುಂದೆ ಇಳಿಸಿದರು. “ಬಿಸಿನೀರು ಐತೇನ್ರೋ?” ಎಂದು ಯಾರೋ ಕೂಗಿದರು. ನಾನು ಹಂಡೆಯಿಂದ ಮೊಗೆದು ಮೊಗೆದು ಕೊಟ್ಟೆ. ಅಕ್ಕನ ರಕ್ತ ತೊಳೆದದ್ದು ಅದೇ ನೀರಿನಲ್ಲಿ. ಅವಳು ಕೇಳಿದ ಬಿಸಿನೀರು ಅವಳಿಗೆ ಸಿಕ್ಕಿದ್ದು ಹೀಗೆ.

ಅಕ್ಕನನ್ನು ಎಸ್ಟೇಟಿನ ಜೀಪಿನಲ್ಲಿ ಹಾಸನದ ಆಸ್ಪತ್ರೆಗೆ ಕಳಿಸಿದ ಮೇಲೆ, ಸಂಜೆ, ಅಪ್ಪ ಒಬ್ಬನೇ ಮತ್ತೆ ಕಾವಲಿಗೆ ಹತ್ತಿದ. ನಾನು ಹಿಂದೆಯೇ ಹೋದೆ. ಬೆಳಿಗ್ಗೆ ಮಾಡಿದ್ದ ತರಗೆಲೆಯ ಗುಡ್ಡೆ ಹಾಗೆಯೇ ಇತ್ತು. ಅಪ್ಪ ಅದಕ್ಕೆ ಬೆಂಕಿ ಇಟ್ಟ. ಪೂರ್ತಿ ಬೂದಿಯಾಗುವ ತನಕ ಕೋಲಿನಿಂದ ಕೆದಕುತ್ತ ನಿಂತ. ಆಮೇಲೆ ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, “ನೀನು ಒಲೆ ಹಚ್ಚಿಲ್ಲ. ತಿಳೀತಾ ಮಗ? ನೀರು ಆಮ್ಯಾಕೆ ಕಾಯ್ಸಿದ್ದು. ಯಾರು ಕೇಳಿದ್ರೂ ಅಷ್ಟೇ ಹೇಳ್ಬೇಕು” ಎಂದ.

ಮಾರನೆಯ ದಿನ ಪೊಲೀಸರು ಬಂದು ಆ ಬೂದಿ ನೋಡಿಕೊಂಡು ಹೋದರು. ಕೆಲವು ದಿನ ಬಿಟ್ಟು ಅಮ್ಮಾವ್ರು ಅಪ್ಪನನ್ನು ಬಂಗಲೆಗೆ ಕರೆಸಿದರು. ಕೈಗೆ ಕಟ್ಟು ಹಾಕಿಕೊಂಡು ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ನಾನು ಮೆಟ್ಟಿಲ ಕೆಳಗಿದ್ದೆ.

“ಅಷ್ಟು ಮಂಜಿತ್ತಲ್ಲೋ, ಹೊಗೆ ಯಾಕೆ ಹಾಕ್ದೆ?”

“ತಪ್ಪಾಗ್ಬುಡ್ತು ಅಮ್ಮಾವ್ರೆ. ಮಂಜು ಸರೀತು ಅಂದ್ಕಂಡೆ.”

ಅಮ್ಮಾವ್ರು “ಅವರು ನಿನ್ನ ಹೊಗೇನ ಕಣ್ಣು ಮುಚ್ಚಿ ನಂಬ್ತಿದ್ರು” ಎಂದರು. “ನಿನ್ನ ಮಗಳು ನನ್ನ ಮಗೂನ ಉಳಿಸಿದಾಳೆ. ಅದಕ್ಕೆ ನಿನ್ನನ್ನ ಜೈಲಿಗೆ ಕಳಿಸ್ತಿಲ್ಲ. ಹೋಗು, ನನ್ನ ಕಣ್ಣಿಗೆ ಬೀಳ್ಬೇಡ.”

ನಾನು ನಾಲ್ಕು ಮೆಟ್ಟಿಲು ಹತ್ತಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಅಪ್ಪನ ಮಾತಿಗೆ ಕಟ್ಟುಬಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಸುಳ್ಳು. ನನಗೆ ಹೆದರಿಕೆಯಾಗಿತ್ತು, ಅಷ್ಟೇ.

ನಾವು ಲೈನ್ ಬಿಟ್ಟು ಕುಂದೂರಿನ ಕಡೆಗೆ ಬಂದೆವು. ಅಪ್ಪ ಬೇರೆಯವರ ರಾಗಿ ಹೊಲದಲ್ಲಿ ಕೂಲಿ ಮಾಡಿದ. ಹುತ್ತ ಅಗೆಸಿದ್ದೇ ಆ ಸಾವಿಗೆ ಕಾರಣ ಎಂದು ಕೆಲವರು ಹೇಳಿದರು, ಹೆಚ್ಚಿನವರು ಅಪ್ಪನ ಹೆಸರನ್ನೇ ಹೇಳಿದರು. ಸಂತೆಯಲ್ಲಿ ಅವನನ್ನು ಕಂಡರೆ “ಹೊಗೆ ಹಾಕಿ ಧಣೀನ ಕೊಂದೋನು” ಎಂದು ಕೈ ತೋರಿಸುತ್ತಿದ್ದರು. ಅಪ್ಪ ತರಕಾರಿ ಚೀಲ ಹಿಡಿದು ತಲೆ ತಗ್ಗಿಸಿ ಮುಂದೆ ಹೋಗುತ್ತಿದ್ದ. ಸಾಯುವ ತನಕ ಆ ಮಾತನ್ನು ಅವನು ನನ್ನ ಮುಂದೆಯೂ ಎತ್ತಲಿಲ್ಲ.

ಅಕ್ಕ ಬದುಕಿದಳು. ಕುಂಟುತ್ತ ಬಂದು ನಿಮಗೆ ಚಕ್ಕುಲಿ ಕೊಡುತ್ತಿದ್ದ ದೊಡ್ಡಜ್ಜಿ ಅವಳೇ. ಅವಳಿಗೆ ಮದುವೆಯಾಗಲಿಲ್ಲ, ಕಾಲು ಸರಿಹೋಗಲಿಲ್ಲ. ಹೋದ ವರ್ಷ ಹಾಸಿಗೆ ಹಿಡಿದಾಗ, ಅವಳ ಕಾಲಿಗೆ ಎಣ್ಣೆ ತಿಕ್ಕುತ್ತ ನಾನು ಎಲ್ಲ ಹೇಳಿಬಿಟ್ಟೆ. ಒಲೆ ಹಚ್ಚಿದ್ದು ನಾನು, ಅಪ್ಪ ಅಲ್ಲ ಎಂದೆ. ಅಕ್ಕ ನನ್ನ ಕೈ ಹಿಡಿದುಕೊಂಡಳು.

“ನಂಗೆ ಆವತ್ತೇ ಗೊತ್ತಿತ್ತು ಕಣೆ. ಮಂಜಿನ ಸಂದೀಲಿ ನಮ್ಮ ಹಲಸಿನ ಮರದ ತಲೆ ಕಾಣ್ತಿತ್ತು. ಅದ್ರ ಪಕ್ಕದಲ್ಲೇ ಹೊಗೆ. ನೀನು ನೀರು ಕಾಯಿಸ್ತಿದೀಯ ಅಂತ ಎಷ್ಟು ಖುಷಿಯಾಯ್ತು ಅಂತೀಯ! ಯಜಮಾನ್ರು ಅಮ್ಮಾವ್ರಿಗೆ ತೋರ್ಸಿ, ನೋಡು ಹೊಗೆ ಹಾಕವ್ನೆ, ಅಂದ್ರು. ಅದು ಕಾವಲಲ್ಲ, ನಮ್ಮ ಬಚ್ಚಲು ಅನ್ಬೇಕಿತ್ತು ನಾನು. ನಾಲ್ಗೆ ತುದೀಲಿತ್ತು. ಮಗು ಎತ್ಕಂಡು ಹಿಂದೆ ಕೂತಿರೋ ಆಳಿನ ಮಗಳು ಯಜಮಾನ್ರಿಗೆ ದಾರಿ ಹೇಳೋದಾ ಅಂತ ಸುಮ್ನಾದೆ.”

ಅರವತ್ತು ವರ್ಷ ಒಂದೇ ಮನೆಯಲ್ಲಿ, ಒಂದೇ ತಟ್ಟೆಯಲ್ಲಿ ತಿಂದು, ನಾವಿಬ್ಬರೂ ಇದನ್ನು ಬೇರೆ ಬೇರೆಯಾಗಿ ಹೊತ್ತಿದ್ದೆವು. ಆ ದಿನ ಇಬ್ಬರೂ ಅತ್ತೆವು. ಅತ್ತರೆ ಅಪ್ಪ ಬರುತ್ತಾನೆಯೇ?

ಈಗ ನಿಮ್ಮ ಬಚ್ಚಲಿನಲ್ಲಿ ಸ್ವಿಚ್ ಒತ್ತಿದರೆ ನೀರು ಕಾಯುತ್ತದೆ, ಹೊಗೆಯಿಲ್ಲ. ನಮ್ಮ ಮನೆಯ ಮೇಲೆ ಹೋಗುವ ವಿಮಾನ ಎಲ್ಲಿಂದ ಬಂತು, ಎಲ್ಲಿಗೆ ಹೊರಟಿತು ಎಂದು ನೀವು ಮೊಬೈಲಿನಲ್ಲಿ ತೋರಿಸುತ್ತೀರಿ. ಮಂಜಿನಲ್ಲೂ ಅದಕ್ಕೆ ದಾರಿ ಗೊತ್ತಂತೆ. ಒಳ್ಳೆಯದಾಯಿತು. ಆದರೆ ಮೊನ್ನೆ ಸಕಲೇಶಪುರದಿಂದ ಬರುವಾಗ ಮಂಜಿತ್ತು. ಹಿಂದಿನ ಸೀಟಿನಿಂದ ಪುಟ್ಟಿ “ಅಪ್ಪಾ, ಇದು ನಮ್ಮ ದಾರಿ ಅಲ್ಲ” ಎಂದಳು. “ದೊಡ್ಡೋರು ಓಡಿಸ್ತಿರುವಾಗ ಬಾಯಿ ಹಾಕ್ಬೇಡ” ಎಂದು ನಿಮ್ಮಪ್ಪ ಗದರಿದ. ಆಗಲೇ ನಾನು ಕೂಗಿದ್ದು: “ನಿಲ್ಸೋ ಗಾಡೀನ! ಮಗು ಏನು ಹೇಳ್ತೈತೆ ಕೇಳು ಮೊದ್ಲು!” ಮುಂದೆ ಪ್ರಪಾತವೇನೂ ಇರಲಿಲ್ಲ, ಯಾರದೋ ತೋಟದ ಗೇಟಿತ್ತು. ಆದರೂ ಮನೆಗೆ ಬರುವ ತನಕ ನಾನು ಪುಟ್ಟಿಯ ಕೈ ಬಿಡಲಿಲ್ಲ.

ಎದುರು ಮಾತಾಡುತ್ತೀರಿ ಎಂದು ನಿಮ್ಮನ್ನು ಎಲ್ಲರೂ ಬೈಯುತ್ತಾರೆ. ನಾನು ಬೈಯುವುದಿಲ್ಲ. ನನಗೆ ನಿಮ್ಮಿಂದ ಒಂದು ಕೆಲಸ ಆಗಬೇಕು. ಪಾಳ್ಯದ ಕಡೆ ಇವತ್ತಿಗೂ ಮುದುಕರು ಆ ವಿಮಾನದ ಮಾತು ತೆಗೆಯುತ್ತಾರೆ, ನಿಮ್ಮ ಮುತ್ತಜ್ಜನ ಹೆಸರು ಹೇಳುತ್ತಾರೆ. ನೀವು ಅಲ್ಲಿದ್ದರೆ ಸುಮ್ಮನೆ ಕೂರಬೇಡಿ. ಹೊಗೆ ಹಾಕಿದ್ದು ನಮ್ಮ ಮುತ್ತಜ್ಜ ಅಲ್ಲ, ನಮ್ಮಜ್ಜಿ ಎಂದು ಹೇಳಿ. ಎಲ್ಲರಿಗೂ ಕೇಳುವ ಹಾಗೆ ಹೇಳಿ.