ಹನ್ನೆರಡನೇ ನಂಬರಿನ ಬಾಟಲಿ

ಇದು ನಡೆದದ್ದು ನಿಜ. ಸುಳ್ಳು ಅನ್ನುವವರ ಜೊತೆ ವಾದಕ್ಕಿಳಿಯುವ ಶಕ್ತಿ ನನಗೀಗ ಇಲ್ಲ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಚನ್ನಗಿರಿಯ ಹೊರಗೆ ಒಂದು ಲ್ಯಾಬ್ ಇದೆ. ಗಿಡದ ಚೂರನ್ನು ಬಾಟಲಿಯಲ್ಲಿಟ್ಟು ಸಸಿ ಮಾಡುವ ಜಾಗ. ನಾನೂ ನನ್ನ ತಂಗಿ ರೇಣುಕಾಳೂ ಅಲ್ಲೇ ಕೆಲಸಕ್ಕಿದ್ದೆವು. ಚೂರು ಮೊದಲು ಹಿಟ್ಟಿನ ಉಂಡೆಯ ಹಾಗೆ ಊದಿಕೊಳ್ಳುತ್ತದೆ. ತಾನು ಬೇರಾಗಬೇಕೋ ಚಿಗುರಾಗಬೇಕೋ ಅನ್ನುವುದು ಆ ಉಂಡೆಯ ಜೀವಕೋಶಗಳಿಗೆ ಆಗಿನ್ನೂ ಗೊತ್ತಿರುವುದಿಲ್ಲ. ದಾರಿ ತೋರಿಸುವುದು ಬೆಳಕು. ನಮ್ಮಲ್ಲಿ ನೀಲಿ ದೀಪದ ಸ್ಟ್ಯಾಂಡ್ ಒಂದು, ಕೆಂಪು ದೀಪದ್ದು ಇನ್ನೊಂದು. ಯಾವ ಉಂಡೆ ಯಾವ ಬೆಳಕಿಗೆ ಒಲಿಯುತ್ತದೆ ಅನ್ನುವುದನ್ನು ನೋಡಿ ನೋಡಿಯೇ ಕಲಿಯಬೇಕು.

ಬಾಟಲಿಯನ್ನು ಯಾರು ಸರಿಸಿದರೂ ಮುಚ್ಚಳದ ಮೇಲೆ ತಮ್ಮ ನಂಬರು ಮತ್ತು ಆವತ್ತಿನ ತಾರೀಖು ಬರೆಯಲೇಬೇಕು. ನನ್ನದು ಏಳು, ರೇಣುಕಾಳದು ಹನ್ನೆರಡು. ಒಳಗೆ ಹಾಕುವ ರಬ್ಬರ್ ಚಪ್ಪಲಿಗೂ ಅದೇ ನಂಬರು. ಬಾಗಿಲ ಒಳಗೆ ಔಷಧಿ ನೀರಿನ ತಟ್ಟೆ ಇರುತ್ತದೆ, ಅದನ್ನು ತುಳಿದೇ ಮುಂದೆ ಹೋಗಬೇಕು.

ನಮ್ಮೂರು ಬಿಳಿಚೋಡಿನ ಮನೆಯ ಹಿತ್ತಲಲ್ಲಿ ರೇಣುಕಾ ಚಿಕ್ಕಂದಿನಲ್ಲಿ ನೆಟ್ಟ ದಾಳಿಂಬೆ ಗಿಡ ಸೊರಗುತ್ತಿತ್ತು. ಪೂರ್ತಿ ಒಣಗುವ ಮುಂಚೆ ಅದರ ಚೂರೊಂದನ್ನು ತಂದು ಬಾಟಲಿಗೆ ಹಾಕಿದಳು. ಉಂಡೆಯಾಯಿತು, ಅಷ್ಟೇ. ನೀಲಿ ಬೆಳಕಲ್ಲಿ ತಿಂಗಳುಗಟ್ಟಲೆ ಉಂಡೆಯಾಗಿಯೇ ಕೂತಿತು.

"ಅಕ್ಕ, ಇದಕ್ಕೆ ಕೆಂಪು ಬೇಕಾಗೈತೆ. ಆ ಕಡೆ ಇಡ್ಲಾ?"

"ಸಾರ್‌ನ ಕೇಳ್ದೆ ಮುಟ್ಟಬ್ಯಾಡ. ನಾಳೆ ನೋಡಾಣ."

ಸ್ಟ್ಯಾಂಡ್‌ಗಳ ಉಸ್ತುವಾರಿ ನನ್ನದು, ಅದರ ಜಂಬ ನನಗೆ. ಮಾರನೇ ದಿನ ಅವಳಿಗೆ ಜ್ವರ ಬಂತು. ಐದನೇ ದಿನ ಮಣ್ಣು ಮಾಡಿ ಬಂದೆವು. ಆಮೇಲೆ ಹಿತ್ತಲ ಗಿಡವೂ ಹೋಯಿತು. ನಾನು ಅಳಲಿಲ್ಲ. ಅಳು ಬರಲೇ ಇಲ್ಲ. ಕಾರ್ಯ ಮುಗಿಸಿ ಡ್ಯೂಟಿಗೆ ಬಂದೆ, ಊಟ ಮಾಡಿದೆ, ಮಲಗಿದೆ. ಆ ಬಾಟಲಿಯನ್ನು ಮಾತ್ರ ಮುಟ್ಟಲಿಲ್ಲ. ಮುಟ್ಟಿದರೆ ಅದೂ ಎಲ್ಲಿ ಹೋದೀತೋ ಅಂತ ಅಲ್ಲೇ ಬಿಟ್ಟೆ.

ಹೊಸದಾಗಿ ಬಂದ ಸೂಪರ್‌ವೈಸರ್ ಒಂದು ಸಂಜೆ ಹೇಳಿದರು: "ನೀಲಿ ಸ್ಟ್ಯಾಂಡಿನಾಗೆ ಉಂಡೆಯಾಗೇ ಕುಂತಿರೋವನ್ನೆಲ್ಲ ಬೆಳಿಗ್ಗೆ ಕುಕ್ಕರಿಗೆ ಹಾಕಿ ಕುದಿಸಿ ಚೆಲ್ರಿ. ಜಾಗ ಸಾಲಾದಿಲ್ಲ."

ಅದರಲ್ಲಿ ನನ್ನ ತಂಗಿಯದೂ ಒಂದಿದೆ ಅನ್ನಬೇಕಿತ್ತು. "ಆಯ್ತು ಸಾರ್" ಅಂದೆ.

ಆ ರಾತ್ರಿ ಡ್ಯೂಟಿ ನನ್ನದೇ. ಹತ್ತಕ್ಕೆ ದೀಪಗಳೆಲ್ಲ ತಾವಾಗಿ ಆರುತ್ತವೆ. ಬಾಟಲಿಗಳಿಗೂ ಕತ್ತಲೆ ಬೇಕು. ಒಳಗೆ ಹೋಗುವುದಿದ್ದರೆ ಹಸಿರು ಹಾಳೆ ಸುತ್ತಿದ ಟಾರ್ಚ್ ಮಾತ್ರ. ಅದನ್ನು ಹಿಡಿದು ಹೋಗಿ ಆ ಬಾಟಲಿಯ ಮುಂದೆ ನಿಂತೆ. ಇಷ್ಟು ದಿನ ಬಾರದ ಚಿಗುರು ಇನ್ನು ಬಂದೀತೇ? ವಾಪಸ್ ಬಂದು ಹೊರಗಿನ ಕುರ್ಚಿಯಲ್ಲಿ ಕೂತೆ.

ಎರಡು ಗಂಟೆ ಇರಬೇಕು...

ಚಟ್... ಚಟ್... ಒದ್ದೆ ಚಪ್ಪಲಿಯ ಸದ್ದು. ಮುಚ್ಚಿದ ಬಾಗಿಲ ಒಳಗಿನಿಂದ. ಆಮೇಲೆ ಗಾಜಿಗೆ ಗಾಜು ತಾಗಿದ ಸದ್ದು.

ವಾಚ್‌ಮನ್ ಹನುಮಂತಪ್ಪ ಬೀಡಿ ಆರಿಸಿ ಎದ್ದು ಬಂದ.

"ಯಾರನ್ನ ಒಳಗೆ ಬಿಟ್ಟೀಯವ್ವ?"

"ಯಾರೂ ಇಲ್ಲ ಕಾಕಾ."

"ಮತ್ತೆ ಕೆಂಪು ದೀಪ ಹತ್ತೈತಲ್ಲ..."

ಬಾಗಿಲ ಗಾಜಿನಲ್ಲಿ ನಾನೂ ನೋಡಿದೆ. ಕೆಂಪು ಸ್ಟ್ಯಾಂಡಿನ ಕೆಳಗಿನ ಸಾಲಿನಲ್ಲಿ ಒಂದೇ ಒಂದು ದೀಪ. ಬಾಗಿಲು ತೆರೆದು ಕಾಲಿಟ್ಟೆ, ಆರಿತು. ಕತ್ತಲಲ್ಲಿ ಲವಂಗದ ವಾಸನೆ... ಹಲ್ಲುನೋವಿಗೆ ರೇಣುಕಾ ಸದಾ ದವಡೆಯಲ್ಲಿ ಲವಂಗ ಒತ್ತಿಕೊಂಡಿರುತ್ತಿದ್ದಳು.

"ರೇಣೂ..." ಅಂದೆ, ಮೆಲ್ಲಗೆ.

ಏಸಿಯ ಗುಂಯ್ ಬಿಟ್ಟರೆ ಬೇರೆ ಸದ್ದಿಲ್ಲ. ಟಾರ್ಚ್ ಹಾಕಿ ನೋಡಲಿಲ್ಲ. ಬಾಗಿಲು ಮುಚ್ಚಿ ಬಂದು ಕೂತೆ. ಹನುಮಂತಪ್ಪ ತನ್ನ ಕಂಬಳಿ ತಂದು ನನ್ನ ಹೆಗಲಿಗೆ ಹೊದಿಸಿದ. ನನಗೆ ಹೆದರಿಕೆಯಾಗಲಿಲ್ಲ. ಏನೂ ಆಗಲಿಲ್ಲ. ಅದನ್ನು ನೆನೆದರೇ ಈಗ ಹೆದರಿಕೆಯಾಗುತ್ತದೆ.

ಬೆಳಿಗ್ಗೆ ನೀಲಿ ಸ್ಟ್ಯಾಂಡಿನಲ್ಲಿ ಆ ಬಾಟಲಿಯ ಜಾಗ ಖಾಲಿ. ಬಾಟಲಿ ಕೆಂಪು ಸ್ಟ್ಯಾಂಡಿನ ಕೆಳಗಿನ ಸಾಲಿನಲ್ಲಿತ್ತು. ಮುಚ್ಚಳದ ಮೇಲೆ ಹನ್ನೆರಡು ಅಂತ ನಂಬರು, ಆವತ್ತಿನದೇ ತಾರೀಖು. ಒರೆಸಿ ನೋಡಿದೆ, ಬೆರಳಿಗೆ ಮಸಿ ಹತ್ತಿತು.

ಸೂಪರ್‌ವೈಸರ್ ಮುಚ್ಚಳ ಓದಿದರು. "ಇದು ಇವತ್ತು ಕೆಂಪಿಗೆ ಬಂದೈತೆ. ಇರ್ಲಿ ಬಿಡ್ರಿ, ನೋಡಾಣ." ಹನ್ನೆರಡು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಉಳಿದ ಬಾಟಲಿಗಳನ್ನು ಕುಕ್ಕರಿಗೆ ಹಾಕಿದೆ.

ನಾನೇ ಮಂಪರಿನಲ್ಲಿ ಸರಿಸಿದೆನೇನೋ ಅಂತ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಆದರೆ ಹೊರಗೆ ಗೂಡಿನಲ್ಲಿದ್ದ ಹನ್ನೆರಡನೇ ನಂಬರಿನ ಚಪ್ಪಲಿಯ ಅಟ್ಟೆ ಔಷಧಿ ನೀರಿನಿಂದ ಒದ್ದೆಯಾಗಿತ್ತು. ಆ ಚಪ್ಪಲಿ ನನ್ನ ಕಾಲಿಗೆ ಹಿಡಿಸುವುದೇ ಇಲ್ಲ.

ಕೆಲವು ವಾರಕ್ಕೆ ಉಂಡೆಯ ಮೇಲೆ ಹಸಿರು ಮೊಳೆಯಿತು. ಚಿಗುರಾಯಿತು, ಬೇರು ಬಿಟ್ಟಿತು. ಸೂಪರ್‌ವೈಸರನ್ನು ಕೇಳಿ ಸಸಿಯನ್ನು ಬಿಳಿಚೋಡಿಗೆ ಒಯ್ದು ಹಿತ್ತಲಲ್ಲಿ ಅದೇ ಜಾಗಕ್ಕೆ ನೆಟ್ಟು ಬಂದೆ. ಅವ್ವ ದಿನಾ ನೀರು ಹಾಕುತ್ತಾಳೆ.

ತಿಂಗಳ ಹಿಂದೆ ಅವ್ವನ ಫೋನ್ ಬಂತು.

"ಗಿಡದ ತಾವ ಅದೇನು ಕೆಂಪು ದೀಪ ಹಚ್ಚಿಟ್ಟು ಹೋಗೀಯ? ರಾತ್ರಿ ಎದ್ದಾಗೆಲ್ಲ ಉರೀತಿರತೈತೆ. ಆರ್ಸಾಕೆ ಸ್ವಿಚ್ ಎಲ್ಲೈತೆ?"

ನಾನು ಯಾವ ದೀಪವನ್ನೂ ಇಟ್ಟಿಲ್ಲ. ಹಿತ್ತಲಿಗೆ ಕರೆಂಟಿನ ವೈರೇ ಹೋಗಿಲ್ಲ. ರೇಣುಕಾ ಸತ್ತ ಮೇಲೆ ಮೊದಲ ಸಲ ನನ್ನ ಕಣ್ಣಲ್ಲಿ ನೀರು ಬಂತು.

"ಇರ್ಲಿ ಬಿಡವ್ವ," ಅಂದೆ. "ಆರಿಸಬ್ಯಾಡ."

ನಾನು ಕಾಲಿಟ್ಟರೆ ಎಲ್ಲಿ ಆರೀತೋ ಅಂತ ಆಮೇಲಿಂದ ಊರಿಗೆ ಹೋಗಿಲ್ಲ.