ಹಳೇ ಬ್ರಾಂಚಿನ ಅತ್ತಿಗೆ

ಗ್ರಂಥಾಲಯಗಳಿಗೆಂದು ಒಂದಷ್ಟು ಜನ ಸೇರಿ ಪುಕ್ಕಟೆಯಾಗಿ ಕಟ್ಟುತ್ತಿದ್ದ ಸಾಫ್ಟ್‌ವೇರ್ ಅದು. ಎಲ್ಲರೂ ಹೊಸ ಆವೃತ್ತಿಯ ಬೆನ್ನು ಹತ್ತಿದ್ದರು. ಹಳೆಯ ಆವೃತ್ತಿಗೆಂದು ಬೇರೆಯಾಗಿ ಉಳಿಸಿದ್ದ ಕವಲನ್ನು, ಅವರ ಮಾತಲ್ಲಿ ಬ್ರಾಂಚನ್ನು, ಕಾಯುತ್ತಿದ್ದವಳು ಅತ್ತಿಗೆ ಒಬ್ಬಳೇ.

"ಬಡ ಗ್ರಂಥಾಲಯಗಳ ಮುದಿ ಕಂಪ್ಯೂಟರಲ್ಲಿ ಹೊಸದು ಓಡೋದೇ ಇಲ್ಲ, ಅವರೆಲ್ಲಿಗೆ ಹೋಗ್ಬೇಕು?" ಎನ್ನುತ್ತಿದ್ದಳು.

ಹಗಲೆಲ್ಲ ಪ್ರೆಸ್ಸಿನಲ್ಲಿ ಕರಡು ತಿದ್ದಿ, ಸಂಜೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆಯುವಳು. ಹೊಸದರಲ್ಲಿ ಬೇರೆಯವರು ಮಾಡಿದ ರಿಪೇರಿಗಳನ್ನು ತಂದು ಹಳೆಯದಕ್ಕೆ ಹೊಂದಿಸುವಳು. ಎಷ್ಟೋ ಸಲ ಮುಕ್ಕಾಲು ಪಾಲು ಅವಳೇ ಬರೆಯಬೇಕಾಗುತ್ತಿತ್ತು. ಆದರೂ ರಿಪೇರಿ ಮೊದಲು ಬರೆದವರ ಹೆಸರಲ್ಲೇ ಇರಬೇಕೆಂಬುದು ಅಲ್ಲಿನ ಪದ್ಧತಿ. ಅದನ್ನು ಚಾಚೂ ತಪ್ಪದೆ ಪಾಲಿಸಿದಳು, ಪುಣ್ಯಾತ್ಗಿತ್ತಿ. ಹೊಸದು ಬಿಡುಗಡೆಯಾದರೆ ಚಪ್ಪಾಳೆಯೋ ಚಪ್ಪಾಳೆ. ಹಳೆಯದು ಬಿಡುಗಡೆಯಾದರೆ ಯಾರೂ ಕೆಮ್ಮುತ್ತಲೂ ಇರಲಿಲ್ಲ.

ಹೊಸದಾಗಿ ಬಂದ ಮುಖ್ಯಸ್ಥ, ಕೆಲಸ ಮಾಡದವರನ್ನು ತಂಡದಿಂದ ಕಿತ್ತುಹಾಕಲು ಒಂದು ಪ್ರೋಗ್ರಾಮ್ ಓಡಿಸಿದ. ಅದು ಬರೆದವರ ಹೆಸರನ್ನಷ್ಟೇ ಹುಡುಕಿತು. ಅತ್ತಿಗೆಯ ಹೆಸರು ಎಲ್ಲೂ ಸಿಗಲಿಲ್ಲ, ತಂಡದ ಪಟ್ಟಿಯಿಂದ ಅವಳನ್ನು ಅಳಿಸಿಹಾಕಿತು. ಅವಳು ಕಾದ ಬ್ರಾಂಚೇ ಅವಳ ಮುಖಕ್ಕೆ ಬಾಗಿಲು ಹಾಕಿತು. ನಡೆದದ್ದನ್ನೆಲ್ಲ ವಿವರಿಸಿ ಮುಖ್ಯಸ್ಥನಿಗೆ ಬರೆದಳು.

"ಬೇಜಾರ್ ಮಾಡ್ಕೋಬೇಡಿ, ನಿಯಮ ಎಲ್ರಿಗೂ ಒಂದೇ," ಎಂದು ಉತ್ತರ ಬಂತು. ಕೊನೆಗೊಂದು ನಗುಮುಖದ ಚಿತ್ರ. ಆ ನಗುವಿಗೆ ಬೆಂಕಿ ಹಾಕ!

ಪಕ್ಕದಲ್ಲೇ ಪಾತ್ರೆ ಒರೆಸುತ್ತಿದ್ದ ನಾದಿನಿ ಅತ್ತಿಗೆ ಹೇಳಿದ್ದನ್ನೆಲ್ಲ ಕೇಳಿ, ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಅಲ್ಲಾ ಅತ್ತಿಗೆ, ಸಂಬಳಾನೇ ಇಲ್ಲದ ಕೆಲಸದಿಂದ್ಲೂ ತೆಗೆದುಹಾಕ್ತಾರಾ?"